ಸಂಘದ ಇ-ಮೇಲ್ ಸರ್ವರ್: ಹೊಸದೋ, ಬಾಡಿಗೆಯೋ?

ಸಂಘದ ಕಚೇರಿಯಲ್ಲಿರುವ ಇ-ಮೇಲ್ ಸರ್ವರನ್ನು ಬದಲಾಯಿಸಬೇಕೇ ಎಂಬ ವಿಷಯ ಬರುವ ಮಹಾಸಭೆಯ ಮುಂದೆ ಬರಲಿದೆ. "ನಡೆಯುತ್ತಿರುವುದನ್ನು ಯಾಕೆ ಕದಲಿಸಬೇಕು? ಆ ಹಣಕ್ಕೆ ಮೈಲುತುತ್ತ ತರಿಸಬಹುದಲ್ಲ?" ಎಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯ.

ನಮ್ಮಲ್ಲಿರುವುದು ಮೈಕ್ರೋಸಾಫ್ಟ್ ಕಂಪೆನಿಯ ಎಕ್ಸ್‌ಚೇಂಜ್ 2016. ಇದಕ್ಕೂ ಇದರ ನಂತರದ 2019ರ ಆವೃತ್ತಿಗೂ ಕಂಪೆನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದಮಾತ್ರಕ್ಕೆ ಸರ್ವರ್ ನಿಲ್ಲುವುದಿಲ್ಲ. ಪತ್ರಗಳು ಬರುತ್ತವೆ, ಹೋಗುತ್ತವೆ. ಆದರೆ ಹೊಸ ದೋಷ ಕಂಡುಬಂದರೆ ಅದನ್ನು ಮುಚ್ಚುವ ತಿದ್ದುಪಡಿ ಹಿಂದಿನಂತೆ ಬರುವುದಿಲ್ಲ. ಬೋರ್ಡೋ ಹೊಡೆಯದ ಅಡಿಕೆ ತೋಟವೂ ಮಳೆ ಹಿಡಿದ ಮೊದಲ ವಾರ ಹಸಿರಾಗಿಯೇ ಕಾಣುತ್ತದೆ. ಕೊಳೆ ತಗಲಿದ ಮೇಲೆ ಮದ್ದು ಹೊಡೆದರೆ ಉದುರಿದ ಕಾಯಿ ಮರ ಹತ್ತುವುದಿಲ್ಲ.

2021ರ ಮಾರ್ಚ್‌ನಲ್ಲಿ ಎಕ್ಸ್‌ಚೇಂಜಿನ ದೋಷಗಳ ಮೂಲಕ ಕಳ್ಳರು ಜಗತ್ತಿನಾದ್ಯಂತ ಸಾವಿರಾರು ಸಂಸ್ಥೆಗಳ ಸರ್ವರುಗಳಿಗೆ ನುಗ್ಗಿದರು. ಪೆಟ್ಟು ತಿಂದವು ಸಂಸ್ಥೆಗಳು ತಾವೇ ಇಟ್ಟುಕೊಂಡಿದ್ದ ಸರ್ವರುಗಳು. ಕಂಪೆನಿಯೇ ನಡೆಸುವ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಗೆ ಆ ದೋಷ ತಗಲಲಿಲ್ಲ. ನಾಳೆ ನಮ್ಮ ವಿಳಾಸದಿಂದಲೇ ಕಾಫಿ ಖರೀದಿದಾರರಿಗೆ "ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಸುಳ್ಳು ಪತ್ರ ಹೋದರೆ, ಕೈತಪ್ಪುವುದು ಎರಡೆಕರೆ ಬೆಳೆಗಾರನ ವರ್ಷದ ಬೆಳೆಯ ಹಣ.

ನಮ್ಮ ಮುಂದೆ ಎರಡು ದಾರಿಗಳಿವೆ. ಒಂದು, 2025ರ ಜುಲೈಯಲ್ಲಿ ಬಂದ ಸಬ್‌ಸ್ಕ್ರಿಪ್ಷನ್ ಎಡಿಷನ್. ಇದನ್ನು 2016ರ ಮೇಲೆ ನೇರವಾಗಿ ಹಾಕಲು ಬರುವುದಿಲ್ಲ. ಹೊಸ ಸರ್ವರ್ ಹೂಡಿ ಎಲ್ಲ ಅಂಚೆಪೆಟ್ಟಿಗೆಗಳನ್ನು ಅದಕ್ಕೆ ಸಾಗಿಸಬೇಕು. ಅಂಥ ಸರ್ವರಿಗೆ 128 ಜಿಬಿ ಮೆಮೊರಿ ಇರಲೆಂದು ಕಂಪೆನಿಯ ಶಿಫಾರಸು. ಒಮ್ಮೆ ಕೊಂಡರೆ ಮುಗಿಯಿತು ಎಂಬ ಕಾಲವೂ ಹೋಯಿತು. ಪರವಾನಗಿಗೆ ಹಣ ಕಟ್ಟುತ್ತಲೇ ಇರಬೇಕು. ಯು.ಪಿ.ಎಸ್., ವಿದ್ಯುತ್, ನೋಡಿಕೊಳ್ಳುವವರ ಸಂಬಳ ಬೇರೆ.

ಇನ್ನೊಂದು, ಪೆಟ್ಟಿಗೆಗೆ ಇಷ್ಟೆಂದು ಬಾಡಿಗೆ ಕೊಟ್ಟು ಹೊರಗಿನ ಸೇವೆ ಪಡೆಯುವುದು. ಆಷಾಢದ ಗಾಳಿಗೆ ಮರ ಬಿದ್ದು ಕಚೇರಿಯ ಲೈನು ಹೋದರೂ ಪತ್ರಗಳು ಅಲ್ಲಿ ಸೇರುತ್ತಿರುತ್ತವೆ. ಸಿಗ್ನಲ್ ಇರುವ ಕಡೆ ನಿಂತು ಮೊಬೈಲಿನಲ್ಲಿ ಓದಬಹುದು.

ಬಾಡಿಗೆ ಏರಬಹುದು, ದಾಖಲೆ ಪರರ ಕೈಸೇರುತ್ತದೆ ಎಂಬ ಆಕ್ಷೇಪವನ್ನು ನಾವು ಅಲ್ಲಗಳೆಯುವುದಿಲ್ಲ. ಆದುದರಿಂದ ಎರಡು ಷರತ್ತು ಬೇಕು: ವಿಳಾಸದ ಡೊಮೈನ್ ಸಂಘದ ಹೆಸರಿನಲ್ಲೇ ನೋಂದಣಿಯಾಗಿರಬೇಕು, ಪತ್ರಗಳ ಪ್ರತಿ ಕಾಲಕಾಲಕ್ಕೆ ಕಚೇರಿಗೆ ಬರಬೇಕು. ಹಾಗಿದ್ದರೆ ಬಾಡಿಗೆ ಮನೆ ಬದಲಾದರೂ ವಿಳಾಸ ಬದಲಾಗದು.

ನೂರಾರು ಪೆಟ್ಟಿಗೆಗಳೂ ಅದಕ್ಕೆಂದೇ ನುರಿತ ಸಿಬ್ಬಂದಿಯೂ ಇರುವ ಸಂಸ್ಥೆಯ ಲೆಕ್ಕ ಬೇರೆ. ಹತ್ತು-ಹನ್ನೆರಡು ಪೆಟ್ಟಿಗೆಗಳ ನಮ್ಮ ಸಂಘಕ್ಕೆ ಬಾಡಿಗೆಯೇ ಲೇಸೆಂಬುದು ನಮ್ಮ ಅಭಿಪ್ರಾಯ. ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವುದರೊಳಗೆ ಈ ಕೆಲಸ ಆಗಬೇಕು.

ಯಾವ ದಾರಿ ಹಿಡಿದರೂ ಪಾಸ್‌ವರ್ಡ್ ಸಡಿಲವಾದರೆ ರಕ್ಷಣೆಯಿಲ್ಲ. ಲಾಗಿನ್‌ಗೆ ಎರಡು ಹಂತದ ಪರಿಶೀಲನೆ ಇರಲಿ. ಖಾತೆ ಬದಲಾವಣೆಯ ಪತ್ರ ಬಂದರೆ ಮೊದಲಿನಿಂದ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳದೆ ಯಾರೂ ಒಂದು ರೂಪಾಯಿಯನ್ನೂ ಕಳಿಸಬಾರದು. ಒಪ್ಪದ ಸದಸ್ಯರು ಮಹಾಸಭೆಗೆ ಬಂದು ತಮ್ಮ ಲೆಕ್ಕ ಮಂಡಿಸಲಿ. ಹಣ ಎಲ್ಲರದೂ ಆದ್ದರಿಂದ ಠರಾವೂ ಎಲ್ಲರದಾಗಬೇಕು.