ನನ್ನ ನಂಬರು ಒಳ್ಳೆಯದಾ, ಟೀಚರ್?

ಅಕ್ಷರಕ್ಕೆ ಅಂಕಿ ಕೊಟ್ಟು ಹೆಸರಿನ ಬೆಲೆ ಕಂಡುಹಿಡಿಯುವ ಚಟುವಟಿಕೆ ಗಣಿತದ ಬೋಧನಾಭ್ಯಾಸಕ್ಕೆ ಚೆನ್ನಾಗಿ ಒದಗುತ್ತದೆ. ಆದರೆ ಮಕ್ಕಳಿಂದ ಒಂದು ಪ್ರಶ್ನೆ ಬರುವುದು ಸಹಜ: ‘ನನ್ನ ನಂಬರು ಒಳ್ಳೆಯದಾ, ಟೀಚರ್?’ ಇದಕ್ಕೆ ಉತ್ತರ ಪಾಠಯೋಜನೆಯಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಗ್ರೀಕರಿಗೆ ಅಕ್ಷರಗಳೇ ಅಂಕಿಗಳೂ ಆಗಿದ್ದವು. ಅವರ ದೇವರಾಜ ಜ್ಯೂಸ್‌ನ ಹೆಸರಿನಲ್ಲಿ ನಾಲ್ಕು ಅಕ್ಷರ: 7, 5, 400, 200. ಕೂಡಿದರೆ 612. ಅಪೋಲೋ ದೇವತೆಯ ಗ್ರೀಕ್ ಹೆಸರಿಗೆ 1061. ಹೀಬ್ರೂ ಅಕ್ಷರಗಳಲ್ಲಿ ಮಾಡುವ ಇಂಥದೇ ಲೆಕ್ಕಕ್ಕೆ ಗೆಮಾಟ್ರಿಯಾ ಎನ್ನುತ್ತಾರೆ.

ನಮ್ಮಲ್ಲಿ ಇರುವುದು ಕಟಪಯಾದಿ. ಕ, ಟ, ಪ, ಯ ಈ ನಾಲ್ಕಕ್ಕೂ 1. ಅಲ್ಲಿಂದ ಮುಂದಕ್ಕೆ ಎಣಿಕೆ. ಞ, ನ ಮತ್ತು ಬಿಡಿ ಸ್ವರಗಳಿಗೆ ಸೊನ್ನೆ. ಇಲ್ಲಿ ಕೂಡುವುದಿಲ್ಲ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹಾಗಾಗಿ ಸ್ಥಾನಬೆಲೆಯ ಪಾಠಕ್ಕೆ ಇದೇ ಹೆಚ್ಚು ಸೂಕ್ತ. ಬಾಡ ಎಂದರೆ 33, ಕುಮಟಾ ಎಂದರೆ 151. ಊರ ಹೆಸರು ಸಿಕ್ಕರೆ ಮಕ್ಕಳಿಗೆ ಬೇರೆ ಪಾಠೋಪಕರಣ ಬೇಕೇ?

ನಮ್ಮ ಜಿಲ್ಲೆಯಲ್ಲಿ ಹಿಂದುಸ್ತಾನಿ ಸಂಗೀತದ ಬಳಕೆಯೇ ಹೆಚ್ಚು. ಆದರೂ ಕರ್ನಾಟಕ ಸಂಗೀತದ 72 ಮೇಳಕರ್ತಗಳನ್ನು ಇಲ್ಲಿ ನೆನೆಯಬೇಕು. ಶಂಕರಾಭರಣಕ್ಕೆ ‘ಧೀರ’ ಸೇರಿಸಿದ್ದು ಏಕೆ? ಧ 9, ರ 2, ತಿರುಗಿಸಿದರೆ 29. ಅದು 29ನೇ ಮೇಳ. ಕಲ್ಯಾಣಿಗೆ ‘ಮೇಚ’ ಸೇರಿ 65 ಆಯಿತು. ಸಂಖ್ಯೆ ಮೊದಲೇ ಇತ್ತು; ನೆನಪಿಗೆ ಅನುಕೂಲವಾಗಲೆಂದು ಹೆಸರನ್ನು ಅದಕ್ಕೆ ಹೊಂದಿಸಿದರು. ‘ಧೀರ’ ಸೇರಿದ್ದರಿಂದ ರಾಗದ ಒಂದು ಸ್ವರವೂ ಬದಲಾಗಲಿಲ್ಲ.

ಅದೃಷ್ಟ ಹೇಳುವವರು ಇದನ್ನು ತಲೆಕೆಳಗು ಮಾಡುತ್ತಾರೆ. ಹೆಸರಿನಿಂದ ಸಂಖ್ಯೆ ತೆಗೆದು, ಸಂಖ್ಯೆಯಿಂದ ಬದುಕನ್ನು ಓದುತ್ತಾರೆ. ಅದು ನಿಲ್ಲುವುದಿಲ್ಲ ಎಂದು ಭಾಷಣ ಮಾಡಬೇಕಿಲ್ಲ, ಮಕ್ಕಳಿಂದಲೇ ಲೆಕ್ಕ ಮಾಡಿಸಿದರೆ ಸಾಕು. ‘ಅಪೋಲೋ’ ಕಟಪಯಾದಿಯಲ್ಲಿ 0, 1, 3, ಅಂದರೆ 310. ಗ್ರೀಕಿನಲ್ಲಿ 1061. ದೇವರು ಒಬ್ಬನೇ, ಸಂಖ್ಯೆ ಎರಡು. ಯಾವುದು ಅವನ ಹಣೆಬರಹ?

ಈ ಹೋಲಿಕೆಯಿಲ್ಲದೆ ಚಟುವಟಿಕೆ ಮುಗಿಸಿದರೆ, ತನ್ನ ಹೆಸರೇ ಸರಿಯಿಲ್ಲ ಎಂದುಕೊಂಡು ಒಂದು ಮಗು ಮನೆಗೆ ಹೋಗಬಹುದು. ಪಾಠ ವೀಕ್ಷಿಸುವ ನಾವು ಕಪ್ಪುಹಲಗೆಯ ಬರಹ, ಸಮಯಪಾಲನೆಗೆ ಅಂಕ ಕೊಡುತ್ತೇವೆ. ಆ ಮಗುವಿನ ಪ್ರಶ್ನೆಗೆ ಪ್ರಶಿಕ್ಷಣಾರ್ಥಿ ಏನು ಉತ್ತರ ಕೊಟ್ಟರು ಎಂಬುದಕ್ಕೂ ಅಂಕವಿರಲಿ.