ಕರ ಕೊಡುವವನ ಹಕ್ಕು

1765ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅಮೆರಿಕೆಯ ವಸಾಹತುಗಳ ಮೇಲೆ ಮುದ್ರಾಂಕ ಕರವನ್ನು ಹೇರಿತು. ತಮ್ಮ ಸಭೆಗಳಲ್ಲಿ ತಾವೇ ಕರವನ್ನು ಗೊತ್ತುಮಾಡಿಕೊಳ್ಳುತ್ತಿದ್ದ ಆ ಜನರು, ತಮ್ಮ ಪ್ರತಿನಿಧಿಯಿಲ್ಲದ ಸಭೆಗೆ ಆ ಅಧಿಕಾರವಿಲ್ಲವೆಂದರು. 1773ರ ಕಾಯಿದೆಯಿಂದ ಚಹವು ಅಗ್ಗವಾಗುವಂತಿದ್ದರೂ ಬಾಸ್ಟನ್ನಿನವರು ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದರು. ಜಗಳವು ಕಾಸಿನದಲ್ಲ, ಹಕ್ಕಿನದು. 1776ರಲ್ಲಿ ಅದೇ ಸ್ವಾತಂತ್ರ್ಯ ಘೋಷಣೆಯಾಯಿತು.

ಈಗ ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ನಮ್ಮ ಜೆ.ಪಿ. ನಗರಕ್ಕೆ ಬರೋಣ. ನಗರಸಭೆಯ ಅವಧಿ ಐದೇ ವರ್ಷ, ಅದು ತೀರುವ ಮುನ್ನವೇ ಚುನಾವಣೆ ಮುಗಿದಿರತಕ್ಕದ್ದು ಎಂಬುದು ನಮ್ಮ ಸಂವಿಧಾನದ 243-ಯು ವಿಧಿ. ಆದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿಯು 2020ರ ಸೆಪ್ಟೆಂಬರಿನಲ್ಲಿ ತೀರಿದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಚುನಾವಣೆಯೇ ನಡೆಯಲಿಲ್ಲ. ಆಸ್ತಿ ತೆರಿಗೆ ಮಾತ್ರ ತಪ್ಪದೆ ವಸೂಲಾಯಿತು. 2025ರ ಏಪ್ರಿಲಿನಿಂದ ಕಸದ ಶುಲ್ಕವೂ ಅದಕ್ಕೆ ಸೇರಿತು. ಏಕೆಂದು ಕೇಳಲು ವಾರ್ಡಿನ ಸದಸ್ಯನೊಬ್ಬನೂ ಇರಲಿಲ್ಲ.

ವಿಧಾನಸಭೆಯಲ್ಲಿ ಶಾಸಕರಿದ್ದರಲ್ಲ ಎನ್ನುವವರುಂಟು. ನಿಜ, ನಾವು ವಸಾಹತಿನವರಲ್ಲ, ಶಾಸಕರಿಗೆ ಮತವಿತ್ತವರು. ಆದರೆ ಮೋರಿಯ ಲೆಕ್ಕ ಕೇಳುವುದಕ್ಕೆಂದೇ ಸಂವಿಧಾನವು ಬೇರೊಂದು ಸಭೆಯನ್ನು ವಿಧಿಸಿದೆಯಷ್ಟೆ! ಕರವನ್ನು ನಿಲ್ಲಿಸಿರೆಂದು ನಾವು ಹೇಳೆವು. ಪ್ರತಿಯೊಬ್ಬನೂ ಕರವನ್ನು ಸಲ್ಲಿಸಲಿ. ರಸೀತಿಯೊಡನೆ ತನ್ನ ಮತವನ್ನೂ ಕಾಲಕಾಲಕ್ಕೆ ಕೇಳಿ ಪಡೆಯಲಿ.