ಚೆನ್ನಾಗಿತ್ತು ಎಂದರೆ ಸಾಕೆ?

ಸಿನಿಮಾ ನೋಡಿ ಎದ್ದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ಬರುವ ಉತ್ತರಗಳನ್ನು ಒಂದು ಕೈಯ ಬೆರಳುಗಳಲ್ಲೇ ಎಣಿಸಬಹುದು. ಸೂಪರ್, ಬೋರು, ಪರವಾಗಿಲ್ಲ, ದುಡ್ಡು ದಂಡ. ಮೊದಲ ಎರಡು ಹುಡುಗರ ಮಾತು, ಕೊನೆಯ ಎರಡು ಹಿರಿಯರದು. ಅಲ್ಲಿಗೆ ಮುಗಿಯಿತು. ಎರಡೂವರೆ ಗಂಟೆ ಕಣ್ಣು ಕಿವಿ ತೆರೆದುಕೊಂಡು ಕುಳಿತದ್ದಕ್ಕೆ ಪ್ರತಿಯಾಗಿ ಒಂದೇ ಒಂದು ಪದ! ಊಟ ಮಾಡಿ ಎದ್ದವರಾದರೂ ಸಾರಿಗೆ ಉಪ್ಪು ಕಡಿಮೆ, ಪಲ್ಯಕ್ಕೆ ಖಾರ ಹೆಚ್ಚು ಎಂದು ಇದಕ್ಕಿಂತ ವಿವರವಾಗಿ ಹೇಳುತ್ತಾರೆ.

ಹಾಗೆಂದು ಪ್ರತಿಯೊಬ್ಬರೂ ಪತ್ರಿಕೆಯ ವಿಮರ್ಶಕರಂತೆ ಮಾತನಾಡಬೇಕೆಂದಿಲ್ಲ. ಹೇಳಿದ ಅಭಿಪ್ರಾಯದ ಹಿಂದೆ ಒಂದು ಕಾರಣ ಇರಬೇಕು, ಆ ಕಾರಣವನ್ನು ಇನ್ನೊಬ್ಬರು ಪರೀಕ್ಷಿಸಿದರೆ ಮುಖ ಊದಿಸಿಕೊಳ್ಳಬಾರದು, ಅಷ್ಟೇ. ಈ ವಿದ್ಯೆ ಕಲಿಯಲು ಹಗರೆಯ ಮಕ್ಕಳಿಗೆ ಇರುವ ಅನುಕೂಲ ಬೇರೆ ಊರಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಹಾಸನದಿಂದ ಬಂದ ರಸ್ತೆ ಬೇಲೂರು ತಾಲ್ಲೂಕಿನ ಈ ಊರಿನಲ್ಲಿ ಕವಲಾಗುತ್ತದೆ. ಒಂದು ದಾರಿ ಬೇಲೂರಿಗೆ, ಇನ್ನೊಂದು ಹಳೇಬೀಡಿಗೆ. ಕನ್ನಡದ ಒಂದು ಪ್ರಸಿದ್ಧ ಚಿತ್ರದ ಕಥೆಗೆ ಮೂಲವಾದ ಗುಡಿ ಇಲ್ಲಿಂದ ಬಸ್ಸಿನಲ್ಲಿ ಹೋಗಿ ಊಟದ ಹೊತ್ತಿಗೆ ಮರಳಿ ಬರುವಷ್ಟು ಹತ್ತಿರದಲ್ಲಿದೆ.

ಆ ಚಿತ್ರ 1964ರಲ್ಲಿ ಬಂದ ‘ಅಮರಶಿಲ್ಪಿ ಜಕಣಾಚಾರಿ’. ಬಿ. ಎಸ್. ರಂಗ ಅವರ ನಿರ್ದೇಶನ, ಕಲ್ಯಾಣ್‌ಕುಮಾರ್ ಮತ್ತು ಬಿ. ಸರೋಜಾದೇವಿ ಅವರ ಅಭಿನಯ. ಪೂರ್ಣವಾಗಿ ವರ್ಣದಲ್ಲಿ ತಯಾರಾದ ಮೊದಲ ಕನ್ನಡ ಚಿತ್ರ ಎಂಬ ಹೆಗ್ಗಳಿಕೆ ಅದರದು. ಅದೇ ವರ್ಷ ತೆಲುಗಿನಲ್ಲೂ ಬಂತು. ಅಲ್ಲಿ ಶಿಲ್ಪಿಯಾದವರು ಅಕ್ಕಿನೇನಿ ನಾಗೇಶ್ವರರಾವ್. ಅಜ್ಜ ಅಜ್ಜಿಯರು ಟೆಂಟಿನಲ್ಲಿ ಕುಳಿತು ನೋಡಿದ ಈ ಚಿತ್ರವನ್ನು ಮೊಮ್ಮಕ್ಕಳು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡುತ್ತಾರೆ. ಅಜ್ಜಿಗೆ ಅದು ಕಣ್ಣೀರು ತರಿಸುವ ಕಥೆ. ಮೊಮ್ಮಗನಿಗೆ ‘ಎಷ್ಟು ಹಾಡು, ಎಷ್ಟು ನಿಧಾನ!’ ಎರಡೂ ಸರಿಯಾದ ಅಭಿಪ್ರಾಯಗಳೇ. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಉಳಿದುಬಿಡುತ್ತದೆ: ಇದೆಲ್ಲ ನಿಜವಾಗಿಯೂ ನಡೆದದ್ದೆ?

ಚಿತ್ರಕ್ಕೆ ಆಧಾರವಾದ ಐತಿಹ್ಯ ಈ ಸೀಮೆಯ ಮಕ್ಕಳಿಗೆ ಬಾಯಿಪಾಠ. ತುಮಕೂರಿನ ಸಮೀಪದ ಕೈದಾಳದ ಜಕಣಾಚಾರಿ ಶಿಲ್ಪದ ಹುಚ್ಚಿಗೆ ಬಿದ್ದು ಬಸುರಿ ಹೆಂಡತಿಯನ್ನು ಬಿಟ್ಟು ಹೊರಡುತ್ತಾನೆ. ವರ್ಷಗಳ ಮೇಲೆ ಮಗ ಡಂಕಣ, ತಾನೂ ಶಿಲ್ಪಿಯಾಗಿ, ತಂದೆಯನ್ನು ಹುಡುಕಿಕೊಂಡು ಬೇಲೂರಿಗೆ ಬರುತ್ತಾನೆ. ಇಬ್ಬರಿಗೂ ಪರಸ್ಪರ ಗುರುತಿಲ್ಲ. ಪ್ರತಿಷ್ಠೆಗೆ ಸಿದ್ಧವಾದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗ ಹೇಳಿಬಿಡುತ್ತಾನೆ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುವೆ ಎಂದು ಹಿರಿಯ ಶಿಲ್ಪಿ ಶಪಥ ಮಾಡುತ್ತಾನೆ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಜೊತೆಗೊಂದು ಜೀವಂತ ಕಪ್ಪೆ! ಕಪ್ಪೆ ಚೆನ್ನಿಗರಾಯನ ಹೆಸರು ಬಂದದ್ದು ಹಾಗೆ ಎನ್ನುತ್ತಾರೆ.

ಇನ್ನು ಕಲ್ಲು ಏನು ಹೇಳುತ್ತದೆ? ವಿಷ್ಣುವರ್ಧನ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ. ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಒಂದು ಒಳ್ಳೆಯ ಅಭ್ಯಾಸವಿತ್ತು. ತಾವು ಕಡೆದ ವಿಗ್ರಹದ ಬುಡದಲ್ಲಿ ತಮ್ಮ ಹೆಸರನ್ನೂ ಕೆತ್ತುತ್ತಿದ್ದರು. ಹಾಗಾಗಿ ಬೇಲೂರಿನ ಶಿಲ್ಪಿಗಳ ಹೆಸರುಗಳು ಇಂದಿಗೂ ಸಿಗುತ್ತವೆ. ಆದರೆ ಆ ಗುಡಿಯ ಶಾಸನಗಳಲ್ಲಾಗಲಿ ಶಿಲ್ಪಿಗಳ ಸಹಿಗಳಲ್ಲಾಗಲಿ ಜಕಣಾಚಾರಿ ಎಂಬ ಹೆಸರು ಇಲ್ಲ. ‘ದಕ್ಷಿಣಾಚಾರ್ಯ’ ಎಂಬ ಮಾತೇ ಜನರ ಬಾಯಲ್ಲಿ ಸವೆದು ಜಕಣಾಚಾರಿ ಆಗಿರಬಹುದು ಎಂದು ಊಹಿಸಿದವರೂ ಇದ್ದಾರೆ.

ಇಲ್ಲೊಂದು ಸ್ವಾರಸ್ಯವಿದೆ. ಸಹಿ ಹಾಕಿದವರಲ್ಲಿ ಬಳ್ಳಿಗಾವೆಯ ದಾಸೋಜ ಒಬ್ಬ, ಅವನ ಮಗ ಚಾವಣ ಇನ್ನೊಬ್ಬ. ಹೆಸರಾದ ಮದನಿಕೆಯರಲ್ಲಿ ನಾಲ್ಕು ಅಪ್ಪನವು, ಐದು ಮಗನವು ಎಂದು ಗುರುತಿಸಲಾಗಿದೆ. ಅಂದರೆ ಬೇಲೂರಿನಲ್ಲಿ ಅಪ್ಪ ಮಗ ಇಬ್ಬರೂ ಶಿಲ್ಪಿಗಳಾಗಿದ್ದದ್ದು ನಿಜವೇ. ಅವರು ಪರಸ್ಪರ ಗುರುತು ತಪ್ಪಿದ ಎದುರಾಳಿಗಳಲ್ಲ. ಒಂದೇ ಗುಡಿಗೆ ದುಡಿದು ಇಬ್ಬರೂ ಹೆಸರು ಉಳಿಸಿಕೊಂಡವರು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಿಂದ ಅಷ್ಟು ದೂರ ಬಂದು ದುಡಿದ ಈ ಇಬ್ಬರ ಮೇಲೆ ಒಂದು ಸಿನಿಮಾ ತೆಗೆಯಬಹುದು. ಆದರೆ ಜಗಳವಿಲ್ಲದ, ಶಪಥವಿಲ್ಲದ, ಕಪ್ಪೆಯೂ ಇಲ್ಲದ ಕಥೆಗೆ ಟಿಕೆಟ್ ಕೊಳ್ಳುವವರು ಎಷ್ಟು ಮಂದಿ?

ಹಾಗಾದರೆ ಚಿತ್ರ ಸುಳ್ಳೆ? ಈ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ‘ಹೌದು, ಎಲ್ಲ ಬರೀ ಕಟ್ಟುಕಥೆ’ ಎಂದು ತಳ್ಳಿಹಾಕುವುದೂ ಸರಿಯಲ್ಲ, ‘ಸಿನಿಮಾದಲ್ಲೇ ತೋರಿಸಿದ್ದಾರಲ್ಲ’ ಎಂದು ಒಪ್ಪಿಸುವುದೂ ಸರಿಯಲ್ಲ. ಇಷ್ಟಪಡುವುದು ಬೇರೆ, ನಂಬುವುದು ಬೇರೆ. ಜಕಣಾಚಾರಿಯ ಕಥೆ ಜನಕ್ಕೆ ಎಷ್ಟು ಹಿಡಿಸಿದೆಯೆಂದರೆ ಶಿಲ್ಪಿಗಳಿಗೆ ಕೊಡುವ ರಾಜ್ಯ ಪ್ರಶಸ್ತಿಗೂ ಅವನದೇ ಹೆಸರಿದೆ. ಕಥೆಯನ್ನು ಕಥೆಯಾಗಿ ಪ್ರೀತಿಸಲು ಅಡ್ಡಿಯಿಲ್ಲ. ಇತಿಹಾಸದ ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಮಾತ್ರ ದಾಸೋಜ, ಚಾವಣರು ನೆನಪಿಗೆ ಬರಬೇಕು.

ಅದೂ ಅಲ್ಲದೆ, ಡಂಕಣನ ಕಥೆ ಇತಿಹಾಸವಲ್ಲದಿದ್ದರೂ ಅದರಲ್ಲಿ ಅಪ್ಪ ಅಮ್ಮಂದಿರಿಗೆ ಒಂದು ಪಾಠವಿದೆ. ಹುಡುಗ ಹಿರಿಯರ ಕೆಲಸದ ಬಗ್ಗೆ ಒಂದು ಅಭಿಪ್ರಾಯ ಹೇಳಿದ. ಎಲ್ಲಿ ದೋಷವಿದೆ ಎಂದು ಜಾಗವನ್ನೇ ತೋರಿಸಿದ. ಗಂಧದ ಪರೀಕ್ಷೆಗೂ ಒಪ್ಪಿದ. ಹಿರಿಯ ಮಾಡಿದ್ದೇನು? ಕೇಳುವ ಮೊದಲೇ ಕೈಯನ್ನು ಪಣಕ್ಕಿಟ್ಟ! ‘ನಿನಗೇನು ಗೊತ್ತು, ಸುಮ್ಮನೆ ಓದಿಕೋ ಹೋಗು’ ಎನ್ನುವ ಮನೆಗಳಲ್ಲಿ ಯಾರೂ ಕೈ ಕಡಿದುಕೊಳ್ಳುವುದಿಲ್ಲ, ನಿಜ. ಆದರೆ ಮಕ್ಕಳು ಎರಡನೆಯ ಸಲ ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗು ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಏನು ನೋಡುತ್ತಿದೆ, ನೋಡಿದ್ದರಲ್ಲಿ ಏನನ್ನು ನಂಬುತ್ತಿದೆ ಎಂಬುದು ಮನೆಯವರಿಗೆ ತಿಳಿಯುವುದೂ ಇಲ್ಲ. ಸಿನಿಮಾದ ಬಗ್ಗೆ ಮನೆಯಲ್ಲಿ ಮಾತು ನಡೆಯಬೇಕು ಎನ್ನುವುದು ಇದಕ್ಕೇ.

ಒಂದು ಕಾಲದಲ್ಲಿ ಈ ಮಾತುಕತೆ ತಾನಾಗಿಯೇ ನಡೆಯುತ್ತಿತ್ತು. 1987–88ರಲ್ಲಿ ದೂರದರ್ಶನದ ‘ರಾಮಾಯಣ’ ಭಾನುವಾರ ಬೆಳಿಗ್ಗೆ ಬರುತ್ತಿದ್ದಾಗ ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಬೀದಿಗೆ ಬೀದಿಯೇ ಸೇರುತ್ತಿತ್ತು. ಮುಗಿದ ಮೇಲೆ ಚಾವಡಿಯಲ್ಲಿ ಕೈಕೇಯಿಯ ವಿಚಾರಣೆ. ಈಗ ತಲೆಗೊಂದು ಪರದೆ. ಒಂದೇ ಮನೆಯ ನಾಲ್ವರು ನಾಲ್ಕು ಕಥೆ ನೋಡುತ್ತಾರೆ. ಹಂಚಿಕೊಳ್ಳಲು ಸಮಾನವಾದದ್ದೇ ಇಲ್ಲ.

ಅದೇ ಕಾಲದ ಇನ್ನೊಂದು ಧಾರಾವಾಹಿಯ ಹೆಸರು ಹೇಳಿದರೆ ಅಪ್ಪ ಅಮ್ಮಂದಿರ ಮುಖ ಅರಳುತ್ತದೆ. ಅದು ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣ್ ಅವರ ಇಂಗ್ಲಿಷ್ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ ದೇಶಕ್ಕೆಲ್ಲ ಹಿಂದಿಯಲ್ಲಿ ತೋರಿಸಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ್. ‘ನಮ್ಮ ಕಾಲದ ಧಾರಾವಾಹಿ ಎಂದರೆ ಅದು’ ಎಂದು ಅಪ್ಪ ಹಾಕಿಕೊಟ್ಟರೆ ಮಗಳು ಹತ್ತು ನಿಮಿಷಕ್ಕೆ ಆಕಳಿಸಬಹುದು. ಆಗ ಬೈಯುವುದರ ಬದಲು ಯಾಕೆ ಇಷ್ಟವಾಗಿತ್ತು ಎಂದು ಅಪ್ಪನೇ ಕಾರಣ ಹೇಳಬೇಕು. ಶಾಲೆಯ ಭಯವೋ, ಕ್ರಿಕೆಟ್ಟಿನ ಹುಚ್ಚೋ, ಅಥವಾ ತಾನೂ ಆಗ ಚಡ್ಡಿ ಹಾಕಿದ ಹುಡುಗನಾಗಿದ್ದ ಎಂಬ ನೆನಪೋ? ಕೊನೆಯದೇ ಕಾರಣವಾದರೆ ಅದನ್ನು ಮಗಳು ಒಪ್ಪಬೇಕಾಗಿಲ್ಲ. ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿಯ ವಸ್ತುಸಂಗ್ರಹಾಲಯವೇ ಇದೆ. ಆದರೂ ಮಾಲ್ಗುಡಿ ನಿಜವಾದ ಊರು ಎಂದು ಯಾರೂ ಮೋಸ ಹೋಗುವುದಿಲ್ಲ. ಕಥೆ ಎಂದು ತಿಳಿದೇ ಪ್ರೀತಿಸುವುದು ಹೇಗೆ ಎನ್ನುವುದಕ್ಕೆ ಇದೇ ಉದಾಹರಣೆ.

ಹೊಸ ಚಿತ್ರಗಳಿಗೂ ಇದೇ ಅಳತೆಗೋಲು. ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ 2018ರಲ್ಲಿ ಬಂತು, ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟರು ಬಂದರೆ ಮಕ್ಕಳ ಗತಿಯೇನು ಎಂಬುದು ಅದರ ಪ್ರಶ್ನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಅಲ್ಲಿನ ಕನ್ನಡಿಗರನ್ನು ಕಾಡಿದ ಪ್ರಶ್ನೆಯೇ ಅದು. ಅಷ್ಟರ ಮಟ್ಟಿಗೆ ಚಿತ್ರ ನಿಜ. ಆದರೆ ನ್ಯಾಯಾಲಯದಲ್ಲಿ ಅನಂತನಾಗ್ ಅವರ ಪಾತ್ರ ಮಾಡುವ ಭಾಷಣ ಕೇಳಿ ಚಪ್ಪಾಳೆ ತಟ್ಟಿದ ವಿದ್ಯಾರ್ಥಿ, ಮೊಕದ್ದಮೆಗಳು ಹೀಗೆ ಒಂದೇ ಭಾಷಣದಲ್ಲಿ ಇತ್ಯರ್ಥವಾಗುತ್ತವೆಯೇ ಎಂದೂ ಕೇಳಬೇಕು. ಚಪ್ಪಾಳೆ ತಟ್ಟಿದ ಕೈ ಹಾಗೆ ಕೇಳಿದ್ದರಿಂದ ನೋಯುವುದಿಲ್ಲ.

2023ರ ‘ಡೇರ್‌ಡೆವಿಲ್ ಮುಸ್ತಾಫಾ’ ಈ ಸೀಮೆಗೆ ಇನ್ನೂ ಹತ್ತಿರದ ನೆಂಟ. ಪಕ್ಕದ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ಕಥೆ, ಶಶಾಂಕ್ ಸೋಗಾಲ್ ಅವರ ನಿರ್ದೇಶನ. ಅದನ್ನು ಅರ್ಪಿಸಿದ ನಟ ಧನಂಜಯ ಅರಸೀಕೆರೆ ತಾಲ್ಲೂಕಿನವರು. ಮೂಲ ಕಥೆ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿದೆ. ಒಂದೇ ಕೂತಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಓದಿ ಚಿತ್ರ ನೋಡಿದವರಿಗೆ ಪುಸ್ತಕದಲ್ಲಿ ಇಲ್ಲದ್ದು ಏನು ಬಂತು, ಇದ್ದದ್ದು ಏನು ಹೋಯಿತು ಎಂಬ ಲೆಕ್ಕ ಸಿಗುತ್ತದೆ. ಕಾಲೇಜಿನ ಹುಡುಗರಿಗೆ ಇದಕ್ಕಿಂತ ಸುಲಭವಾದ ವಿಮರ್ಶೆಯ ಪಾಠ ಬೇಕೆ?

ಇನ್ನು ದಿನವೂ ಸಂಜೆ ಬರುವ ಧಾರಾವಾಹಿಗಳು. ಇವನ್ನು ಕಂಡರೆ ಮೂಗು ಮುರಿಯುವುದು ಸುಲಭ, ಜೊತೆಗೆ ಕೂತು ನೋಡುವುದು ಕಷ್ಟ. ಆದರೆ ಮಾತಿಗೆ ಇವೂ ಒದಗುತ್ತವೆ. ‘ಇವರ ಮನೇಲಿ ಯಾರೂ ಕೆಲಸಕ್ಕೇ ಹೋಗಲ್ವಲ್ಲ ಅಜ್ಜಿ?’ ಎಂದು ಮೊಮ್ಮಗಳು ಕೇಳಿದರೆ, ‘ಹೋದ್ರೆ ಜಗಳ ಆಡೋಕೆ ಪುರುಸೊತ್ತೆಲ್ಲಿ ಮಗಾ?’ ಎಂದು ಅಜ್ಜಿ ಹೇಳಿಯಾಳು. ಇಬ್ಬರೂ ನಕ್ಕರೆಂದರೆ ಇಬ್ಬರೂ ವಿಮರ್ಶಕರಾದರು. ಅಜ್ಜಿ ನಾಳೆಯೂ ಅದನ್ನೇ ನೋಡುತ್ತಾಳೆ, ನೋಡಲಿ. ಇಷ್ಟಪಡುವುದಕ್ಕೂ ನಂಬುವುದಕ್ಕೂ ಇರುವ ಅಂತರ ಆಕೆಗೆ ಗೊತ್ತು.

ಯಾವುದನ್ನು ಯಾವ ವಯಸ್ಸಿನಲ್ಲಿ ನೋಡಬೇಕು ಎನ್ನುವ ವಿಷಯದಲ್ಲಿ ಮಾತ್ರ ಹಿರಿಯರ ಹೊಣೆ ತಪ್ಪಿದ್ದಲ್ಲ. 2024ರಲ್ಲಿ ಬಂದ ನಿಯಮಗಳಂತೆ ಸೆನ್ಸಾರ್ ಮಂಡಳಿ ಯು/ಎ ಚಿತ್ರಗಳನ್ನು 7, 13 ಮತ್ತು 16 ವರ್ಷಗಳ ಮೂರು ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. ಚಿತ್ರದ ಮೊದಲಿಗೆ ಬರುವ ಆ ಪ್ರಮಾಣಪತ್ರವನ್ನು ಅರೆಕ್ಷಣ ನಿಂತು ಓದಿದರೆ ಆಮೇಲಿನ ಮುಜುಗರ ಎಷ್ಟೋ ತಪ್ಪುತ್ತದೆ. ಈ ಅಂಕಿ ಪೋಷಕರಿಗೆ ಕೊಟ್ಟ ಸಲಹೆ. ಕೊನೆಯ ತೀರ್ಮಾನ ಅವರದೇ.

ಉಳಿದಂತೆ ಮನೆಯಲ್ಲಿ ಮೂರು ಪ್ರಶ್ನೆ ರೂಢಿಯಾದರೆ ಸಾಕು. ಯಾವ ದೃಶ್ಯ ಮನಸ್ಸಿನಲ್ಲಿ ಉಳಿಯಿತು? ಯಾಕೆ? ಅದರಲ್ಲಿ ನಂಬುವಂಥದ್ದು ಎಷ್ಟು? ಮೊದಲನೆಯದಕ್ಕೆ ಎಲ್ಲರಲ್ಲೂ ಉತ್ತರವಿರುತ್ತದೆ. ಎರಡನೆಯದಕ್ಕೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಮೂರನೆಯದಕ್ಕೆ ಒಮ್ಮೊಮ್ಮೆ ಪುಸ್ತಕ ತೆರೆಯಬೇಕು, ಒಮ್ಮೊಮ್ಮೆ ಬಸ್ಸು ಹತ್ತಬೇಕು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಬೇಲೂರು, ಹಳೇಬೀಡುಗಳನ್ನು ನೋಡಲು ದೇಶವಿದೇಶದವರು ಹಗರೆಯ ಮೇಲೆ ಹಾದುಹೋಗುತ್ತಾರೆ. ಇಲ್ಲಿನ ಮಕ್ಕಳೂ ಒಂದು ರಜಾದಿನ ಅದೇ ಬಸ್ಸು ಹತ್ತಲಿ. ಕಪ್ಪೆ ಚೆನ್ನಿಗರಾಯನ ಮುಂದೆ ಅಜ್ಜಿಯಿಂದ ಕಥೆ ಕೇಳಲಿ, ಆಮೇಲೆ ಮದನಿಕೆಯರ ಕೆಳಗೆ ನಿಂತು ದಾಸೋಜ ಚಾವಣರ ಹೆಸರನ್ನು ಅಜ್ಜಿಗೆ ತಾವು ಹೇಳಲಿ.